ಚಿಕ್ಕ ಸರೋವರದ ಆಳ

ಹಿಮ ಕರಗಿ ಬೆಟ್ಟದ ನೆತ್ತಿಯ ಎರಡೂ ಸರೋವರಗಳು ತುಂಬಿ ತುಳುಕುತ್ತಿದ್ದವು. ಚಿಕ್ಕದರಲ್ಲಿ ದೊಡ್ಡದರ ಕಾಲುಭಾಗದಷ್ಟೂ ನೀರಿಲ್ಲವೆಂದು ಲೆಕ್ಕ ಹಾಕಿದ ಇಂದುಮತಿ, ದೊಡ್ಡದರ ಕೆಳಗಿದ್ದ ಊರನ್ನೆಲ್ಲ ಚಿಕ್ಕದರ ಕೆಳಗಿನ ಶಾಲೆಗೆ ಸಾಗಿಸಿದ್ದಳು. ಈಗ ಕುಸಿಯುತ್ತಿದ್ದುದು ಚಿಕ್ಕದರ ದಂಡೆಯೇ! ದೂರದ ಶಾಲೆಯಂಗಳದಲ್ಲಿ ಮುನ್ನೂರು ಜನ ನಿಶ್ಚಿಂತೆಯಿಂದ ಒಲೆ ಹೂಡುತ್ತಿದ್ದರು. ಕೂಗಿದರೆ ಕೇಳಿಸದು, ಫೋನಿಗೆ ಸಿಗ್ನಲ್ಲಿಲ್ಲ.

ತೆಪ್ಪದಲ್ಲಿ ಹೋಗಿ, ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆದಿದ್ದ ಸಹಾಯಕನ ತೋಳನ್ನು ಅವಳು ಬಿಗಿಯಾಗಿ ಹಿಡಿದಳು.

"ಕರಿಬಸಪ್ಪ, ನೀರು ಶಾಲೆವರೆಗೂ ಬರಲ್ಲ ಅಲ್ವಾ?"

"ನೀವೇ ಲೆಕ್ಕ ಹಾಕಿದ್ರಲ್ಲ ಮೇಡಂ."

"ನೀವು ಬರೆದುಕೊಟ್ಟ ಆಳ ನಂಬಿಕೊಂಡು ಹಾಕಿದ್ದು! ಮೂವತ್ತು ಮೀಟರ್. ಸರಿಯಾಗಿ ಅಳೆದಿದ್ರಿ ತಾನೇ?"

"ದೇವರಾಣೆಗೂ ಮೇಡಂ. ಸರಿಯಾಗಿ ಮೂವತ್ತಕ್ಕೆ ಹಗ್ಗ ಮುಗೀತು."