ಟಾರ್ಚಜ್ಜನ ಪುಸ್ತಕ

ಟಾರ್ಚಜ್ಜ ಕಂಕುಳಲ್ಲಿ ಪುಸ್ತಕ ಇರುಕಿಕೊಂಡು ಒಳಗೆ ಬಂದಾಗ ಅಧ್ಯಕ್ಷರ ಪೆನ್ನು ಸಹಿಯ ಜಾಗದಿಂದ ಒಂದು ಗೇಣು ಮೇಲಿತ್ತು. ಅಲ್ಲೇ ನಿಂತುಬಿಟ್ಟಿತು.

ಸಮಿತಿಯ ಹೆಸರು ‘ಹಳೇ ಚಿತ್ರಮಂದಿರ ಉಳಿಸಿ ಸಮಿತಿ’. ಸಹಿ ಬೀಳಬೇಕಾಗಿದ್ದದ್ದು ಅದನ್ನು ಕೆಡವಲು ನಮ್ಮ ಅಭ್ಯಂತರವಿಲ್ಲ ಎಂಬ ಕಾಗದಕ್ಕೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ ಎಂದು ಕಾರ್ಯದರ್ಶಿಯಾದ ವಕೀಲರು ಆಗಲೇ ವಿವರಿಸಿದ್ದರು. ಹೊಸ ಕಟ್ಟಡದ ಹೊಸ್ತಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಳೇ ಕುರ್ಚಿಯೊಂದನ್ನು ಇಡುತ್ತಾರೆ. ಕುರ್ಚಿ ಉಳಿದರೆ ಚಿತ್ರಮಂದಿರ ಉಳಿದಂತೆಯೇ ಅಲ್ಲವೆ? ಅದೇ ಕಟ್ಟಡದಲ್ಲಿ ಸಮಿತಿಯ ಮೂವರಿಗೂ ಒಂದೊಂದು ಮಳಿಗೆ ಸಿಗುತ್ತದೆ ಎನ್ನುವುದು ಬೇರೆ ಮಾತು.

ಕೆಡವುವ ಮೊದಲು ಒಂದು ನೆನಪಿನ ಸಂಪುಟ ತಂದರೆ ಗೌರವ ಎಂದವರು ಖಜಾಂಚಿ, ನಿವೃತ್ತ ಹೆಡ್‌ಮಿಸ್ಟ್ರೆಸ್. ‘ನಿಮ್ಮ ನೆನಪುಗಳೊಂದಿಗೆ ಬನ್ನಿ’ ಎಂದು ಗೋಡೆಗೆ ಚೀಟಿ ಅಂಟಿಸಿದವರೂ ಅವರೇ. ಒಂದು ತಿಂಗಳು ಒಂದು ನೊಣವೂ ಬಂದಿರಲಿಲ್ಲ. ಈಗ ಬಂದಿದ್ದು ಮೂವತ್ತೆಂಟು ವರ್ಷ ಆ ಕತ್ತಲಲ್ಲಿ ಟಾರ್ಚು ಹಿಡಿದು ಜನರನ್ನು ಅವರವರ ಸೀಟಿಗೆ ಕೂರಿಸಿದವನು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಗಿತ್ತು.

“ಚೀಟಿ ನೋಡ್ದೆ. ಅದಕ್ಕೇ ಪುಸ್ತಕ ತಂದೆ,” ಎಂದ ಟಾರ್ಚಜ್ಜ, ಎಂದಿನಂತೆ ತಲೆ ತಗ್ಗಿಸಿಕೊಂಡು. ದಪ್ಪ ಪುಸ್ತಕ, ರಟ್ಟಿನ ಹೊದಿಕೆ, ಮೇಲೊಂದು ಚೂಪು ಮಾಡದ ಪೆನ್ಸಿಲು.

ಪೆನ್ಸಿಲನ್ನು ಮೊದಲು ಗಮನಿಸಿದವರು ವಕೀಲರು. ಹಳೆಯದನ್ನೆಲ್ಲ ಬರೆದು ಸವೆಸಿ, ಹೊಸದು ತಂದಿದ್ದಾನೆ ಎಂದುಕೊಂಡರು.

“ನಮ್ಮ ಗುರುತಿದೆಯಾ?” ಎಂದು ಅಧ್ಯಕ್ಷರಾದ ಹಲ್ಲಿನ ಡಾಕ್ಟರು ನಗಲು ನೋಡುತ್ತಾ ಕೈ ಕುಲುಕಲು ಮುಂದೆ ಬಂದರು.

ಟಾರ್ಚಜ್ಜ ಅವರು ನಡೆದುಬರುವುದನ್ನು ನೋಡಿದ. ಅವನ ಮುಖ ಅರಳಿತು. “ಓಹೋ, ನೀವಾ! ಬಾಲ್ಕನಿ ಮೆಟ್ಲಲ್ಲಿ ಎಡಗಾಲು ಎಳೀತಿದ್ರಿ. ಮರೆಯೋಕಾಗುತ್ತಾ?”

ಡಾಕ್ಟರು ಕುಳಿತರು.

“ಈ ಪುಸ್ತಕಕ್ಕೆ ನಿಮ್ಮ ಮೂವರ ಸಹಾಯ ಬೇಕು. ನೀವು ಮನಸ್ಸು ಮಾಡಿದ್ರೆ ಮುಗಿದೋಗುತ್ತೆ,” ಎಂದ ಟಾರ್ಚಜ್ಜ.

“ಏನು ಬೇಕು ನಿಮಗೆ, ನೇರವಾಗಿ ಹೇಳಿ,” ಎಂದರು ವಕೀಲರು.

“ನಂಗೇನು ಬೇಕು ಸಾರ್? ಆ ಟಿಕೆಟ್ ಕಿಂಡಿ ಇರ್ಬೇಕು. ನಮ್ಮನೆಯವಳು ಇಪ್ಪತ್ತೆರಡು ವರ್ಷ ಅಲ್ಲಿ ಟಿಕೆಟ್ ಹರಿದು ಕೊಟ್ಟಳು. ಮಣಿಕಟ್ಟು ಉಜ್ಜಿ ಉಜ್ಜಿ ಮರ ಹಳ್ಳ ಬಿದ್ದಿದೆ. ಅವಳದ್ದು ಅಂತ ಈಗ ಇರೋದು ಅದೊಂದೇ.” ಬರುವಾಗಲೂ ಆ ಹಳ್ಳದಲ್ಲಿ ಕೈಯಿಟ್ಟು ನಿಂತು ಬಂದಿದ್ದ. ಅವಳಿಲ್ಲದ ಆರು ವರ್ಷಗಳಲ್ಲಿ ಅವನು ಒಂದು ದಿನವೂ ಅದನ್ನು ತಪ್ಪಿಸಿರಲಿಲ್ಲ.

ಕಿಂಡಿ ಇರಬೇಕಾದರೆ ಗೋಡೆ ಇರಬೇಕು, ಗೋಡೆ ಇರಬೇಕಾದರೆ ಚಿತ್ರಮಂದಿರವೇ ಇರಬೇಕು. ಮೂವರೂ ಲೆಕ್ಕ ಹಾಕಿದರು. ಸಭೆಯನ್ನು ಮರುದಿನಕ್ಕೆ ಮುಂದೂಡಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎಂದೇ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಡಾಕ್ಟರು ಟಾರ್ಚಜ್ಜನ ಮನೆಗೆ ಬಂದರು. “ಆ ಶನಿವಾರದ ಮ್ಯಾಟಿನಿಗಳು... ಜೊತೆಗೆ ಬರ್ತಿದ್ದೋಳು ನಮ್ಮ ಕಾಂಪೌಂಡರ್ ಹೆಂಡತಿ ನಿಜ. ಆದ್ರೆ ಅವಳಿಗೆ ದವಡೆ ನೋವಿತ್ತು.”

“ಹೌದಾ?” ಎಂದ ಟಾರ್ಚಜ್ಜ, ಅವರ ಬೂಟು ನೋಡುತ್ತಾ.

ನಾಲ್ಕಕ್ಕೆ ಹೆಡ್‌ಮಿಸ್ಟ್ರೆಸ್. ಸಿನಿಮಾಕ್ಕೆ ಹೋದರೆಂದು ಹನ್ನೊಂದು ಹುಡುಗಿಯರನ್ನು ಶಾಲೆ ಬಿಡಿಸಿದ್ದ ಮಹಾತಾಯಿ. “ಬುಧವಾರ ಬುಧವಾರ ಬರ್ತಿದ್ದೆ, ಒಪ್ಕೋತೀನಿ. ನಮ್ಮ ಹುಡುಗೀರು ಬಂದಿದಾರಾ ಅಂತ ನೋಡೋಕೆ. ಪೂರ್ತಿ ಸಿನಿಮಾ ನೋಡ್ದೆ ಹೇಗೆ ಗೊತ್ತಾಗುತ್ತೆ, ಹೇಳಿ?”

ಐದಕ್ಕೆ ವಕೀಲರು. ಎದುರು ಪಾರ್ಟಿಯವನ ಜೊತೆ ಬಾಕ್ಸ್ ಸೀಟಿನಲ್ಲಿ ಕೂತು ತಮ್ಮದೇ ಕಕ್ಷಿದಾರನನ್ನು ಮುಳುಗಿಸಿದ ಕಥೆಯನ್ನು ಅವರು ಬಾಯಿಬಿಟ್ಟು, ಕೊನೆಗೆ ಕಾನೂನಿನ ಪ್ರಕಾರ ಅದು ರಾಜಿ ಎಂದು ಸಾಧಿಸಿದರು.

ಒಳಗಿದ್ದ ಮಗಳು ಮಾಡಿದ ಚಹಾವನ್ನು ಟಾರ್ಚಜ್ಜ ಮೂವರಿಗೂ ಕೊಟ್ಟ. ಪುಸ್ತಕ ಮೇಜಿನ ಮೇಲೆಯೇ ಇತ್ತು. ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನ ಸಮಿತಿ ಸರ್ವಾನುಮತದಿಂದ ನಿರ್ಣಯಿಸಿತು: ಚಿತ್ರಮಂದಿರದ ಒಂದು ಇಟ್ಟಿಗೆಯೂ ಅಲುಗಕೂಡದು. ಹೊಸ ಕಟ್ಟಡ ಕಟ್ಟುವವನ ಕಾಗದ ಹರಿದುಹೋಯಿತು. ಪರಂಪರೆ ಎಂದರೆ ತಾಯಿಯಿದ್ದಂತೆ ಎಂದು ಡಾಕ್ಟರು ಭಾಷಣ ಮಾಡಿದರು, ಹೆಡ್‌ಮಿಸ್ಟ್ರೆಸ್ ಕಣ್ಣೊರೆಸಿಕೊಂಡರು. ನೆನಪಿನ ಸಂಪುಟವನ್ನು ಮಾತ್ರ ಕೈಬಿಡಲಾಯಿತು. ಕೆಲವು ನೆನಪುಗಳು ಮನಸ್ಸಿನಲ್ಲಿದ್ದರೇ ಚೆಂದ ಎಂದು ವಕೀಲರು ದಾಖಲೆಯಲ್ಲಿ ಬರೆಸಿದರು.

ಟಾರ್ಚಜ್ಜ ಕಿಂಡಿಯ ಬಳಿ ಹೋಗಿ ಮರದ ಹಳ್ಳದಲ್ಲಿ ಕೈಯಿಟ್ಟು, ನಾಚಿಕೆ ಬಿಟ್ಟು ಅತ್ತ.

ಸಂಜೆ ಮಗಳು ತಡೆಯಲಾರದೆ ಕೇಳಿದಳು. “ಅಪ್ಪಾ, ಅಂಥದ್ದೇನು ಬರೆದಿಟ್ಟಿದೀಯಾ ಅದ್ರಲ್ಲಿ?”

“ಏನು ಬರೀಲಿ? ಟಾರ್ಚು ಜನರ ಮೊಣಕಾಲಿಂದ ಮೇಲೆ ಎತ್ತಿದ್ರೆ ಅವತ್ತೇ ಕೆಲಸ ಬಿಡು ಅಂತ ಮಾಲೀಕರ ಕಟ್ಟಪ್ಪಣೆ. ಮೂವತ್ತೆಂಟು ವರ್ಷ ನಾನು ನೋಡಿದ್ದು ಬರೀ ಚಪ್ಪಲಿ, ಬೂಟು; ಪರದೆ ಕಡೆ ತಿರುಗೋಕೂ ಪುರುಸೊತ್ತಿರ್ಲಿಲ್ಲ. ಓದಿದವರು, ಅವರಾದ್ರೂ ಸಿನಿಮಾ ಕಥೆ ನಾಲ್ಕು ಹೇಳಿ ಬರೆಸ್ತಾರೇನೋ ಅಂತ ಖಾಲಿ ಪುಸ್ತಕ ಒಯ್ದಿದ್ದೆ.”

ಹಾಗೆಂದು ಟಾರ್ಚಜ್ಜ ಪೆನ್ಸಿಲನ್ನು ನಿಧಾನವಾಗಿ ಚೂಪು ಮಾಡಿ, ಮೊದಲ ಪುಟ ತೆರೆದು ಬರೆದ: ‘ಶನಿವಾರ, ಮ್ಯಾಟಿನಿ, ಬಾಲ್ಕನಿ. ದವಡೆ ನೋವು.’