ಮಂಡಿಯೊಳಗಿನ ಎಣ್ಣೆ

"ಮಂಡಿಯಲ್ಲಿ ಉಳಿದಿರೋ ನಾಲ್ಕು ಹನಿ ಎಣ್ಣೆನೂ ನಡೆದು ಖರ್ಚು ಮಾಡ್ಲಾ?" ಎಂದು ಎಪ್ಪತ್ತರ ಮಿಲೊಯೆ, ಎರಡು ತಿಂಗಳಿಂದ ಬಿಡದ ಕುರ್ಚಿಗೆ ಇನ್ನಷ್ಟು ಅಂಟಿಕೊಂಡ. ಮಡಿಲಲ್ಲಿ ಹಂದಿಕಾಲು ಬೇಯಿಸಿ ಹೆಪ್ಪುಗಟ್ಟಿಸಿದ ತಿನಿಸಿನ ಬಟ್ಟಲು. ಕೀಲಿಗೆ ಅದೇ ಮದ್ದಂತೆ.

ಮಗಳು ಯಾಗೋದಾ ಚಾಚಕ್ ಊರಿನವರಿಗೆಲ್ಲ ಕೀಲುನೋವಿಗೆ ವ್ಯಾಯಾಮ ಹೇಳಿಕೊಡುವವಳು. ಪಾತ್ರೆ ತೊಳೆಯುವ ಸ್ಪಂಜನ್ನು ಅಪ್ಪನ ಮೂಗಿನೆದುರೇ ಹಿಂಡಿದಳು. "ಮೂಳೆ ತುದಿಯ ಮೆದುಮೂಳೆನೂ ಹೀಗೇ ಅಪ್ಪಾ. ಭಾರ ಬಿದ್ರೆ ರಸ ಬಿಡುತ್ತೆ, ಭಾರ ಇಳಿದ್ರೆ ಹೀರ್ಕೊಳ್ಳುತ್ತೆ. ನಡೆದ್ರೇನೇ ಎಣ್ಣೆ! ಎಷ್ಟು ಸಲ ಬಡ್ಕೊಳ್ಲಿ?"

"ಪ್ಯಾಂಟೆಲ್ಲ ಒದ್ದೆ ಮಾಡ್ದೆ," ಎಂದ ಮಿಲೊಯೆ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅಂದು ಮನೆತನ ಕಾಯುವ ಸಂತ ಜಾರ್ಜನ ಮೂರು ದಿನದ ಹಬ್ಬದ ಮೊದಲ ದಿನ. ಅತಿಥಿಗಳಿರುವಷ್ಟು ಹೊತ್ತೂ ಯಜಮಾನ ಕೂರುವಂತಿಲ್ಲ. ಕೂತರೆ ಸಂತನಿಗೇ ಅವಮಾನ. ಮಿಲೊಯೆ ಗೊಣಗುತ್ತ ಎದ್ದ. ಸಂಜೆಯವರೆಗೂ ಲೋಟಗಳಿಗೆ ಹಣ್ಣಿನ ಸಾರಾಯಿ ರಾಕಿಯಾ ಸುರಿಯುತ್ತ, ತಟ್ಟೆ ಹೊರುತ್ತ ಅಡುಗೆಮನೆಗೂ ಮೇಜಿಗೂ ಓಡಾಡಿದ. ಕೊನೆಯ ಅತಿಥಿ ಹೋದ ಮೇಲೆ, ಉರುಳಿದ ಬಿರಡೆಯೊಂದನ್ನು ಹೆಕ್ಕಲು ಸಲೀಸಾಗಿ ಕುಕ್ಕರುಗಾಲಲ್ಲಿ ಕೂತು, ಎದ್ದ.

ಈಗಲಾದರೂ ಒಪ್ಪುತ್ತಾನೆಂದು ಯಾಗೋದಾ ಕಾದಳು.

"ನೋಡ್ದ್ಯಾ?" ಮಿಲೊಯೆ ಖಾಲಿ ಬಟ್ಟಲು ಎತ್ತಿ ತೋರಿಸಿದ. "ಹಂದಿಕಾಲು!"

ಯಾಗೋದಾ ಅಪ್ಪನ ತಂಗಿಗೆ ಫೋನ್ ಮಾಡಿದಳು. "ಅತ್ತೆ, ಹಬ್ಬ ಇನ್ನೂ ಎರಡು ದಿನ ಇದೆಯಲ್ಲಾ? ನಾಳೆ ಬೆಳಿಗ್ಗೇನೇ ಎಲ್ರನ್ನೂ ಕರ್ಕೊಂಡು ಬನ್ನಿ. ರಾತ್ರಿವರೆಗೂ ಇದ್ದು ನಿಧಾನವಾಗಿ ಹೋದ್ರಾಯ್ತು."