ಅಡ್ಡ ಬಂದ ಎರಡು ಕೊಂಬೆ

ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಈ ವರ್ಷವೂ ಎರಡನೆಯ ಬಹುಮಾನವೇ ಬಂದರೆ ಕ್ಯಾಮೆರಾವನ್ನು ಮಾರಿಬಿಡುವುದಾಗಿ ಪದ್ಮರಾಜ ಹೆಂಡತಿಯೆದುರು ಶಪಥ ಮಾಡಿದ್ದ. ಆದ್ದರಿಂದ ಕೆರೆಯ ಹಿಂದಿನ ನೇರಳೆ ಮರದಲ್ಲಿ ರಾಜಹಕ್ಕಿಯ ಗೂಡೊಂದು ಸಿಕ್ಕಾಗ, ಅದಕ್ಕೆ ಮರೆಯಾಗಿದ್ದ ಎರಡು ಕೊಂಬೆಗಳನ್ನು ಅವನು ಸಹಿಸಲಾರದೆ ಹೋದ. ಚೀಲದಿಂದ ಕತ್ತರಿ ತೆಗೆದ.

"ಬ್ಯಾಡಿ ಸ್ವಾಮಿ," ಎಂದ, ದಾರಿ ತೋರಿಸಲು ಬಂದಿದ್ದ ಮಾದಯ್ಯ. "ಆ ಸೊಪ್ಪೇ ಅವ್ಕೆ ಮನೆ ಬಾಗ್ಲು."

"ಎರಡೇ ಎರಡು ಕೊಂಬೆ ಕಣಯ್ಯಾ. ಮುಂದಿನ ತಿಂಗಳು ಚಿಗುರುತ್ತೆ."

"ಮರ ಚಿಗುರ್ತದೆ, ಬುಡಿ."

ಕೊಂಬೆಗಳು ಕೆಳಗುರುಳಿದವು. ಬಿಸಿಲು ನೇರವಾಗಿ ಗೂಡಿನ ಮೇಲೆ ಬಿತ್ತು. ಮೂರು ಮರಿಗಳ ತೆರೆದ ಬಾಯಿ, ಗುಟುಕು ತಂದ ತಾಯಿ, ಎಲ್ಲವೂ ಒಂದೇ ಚಿತ್ರದಲ್ಲಿ ಸೆರೆಯಾದವು.

ಎರಡು ತಿಂಗಳ ಬಳಿಕ ಆ ಚಿತ್ರಕ್ಕೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಲವೀನಾ ಎಂಬ ಶಾಲಾ ಶಿಕ್ಷಕಿಯ ಪಾಲಾಯಿತು. ಅವಳ ಚಿತ್ರದಲ್ಲಿ ಗಿಡುಗವೊಂದು ಪುಟ್ಟ ಮರಿಯನ್ನು ಉಗುರುಗಳಲ್ಲಿ ಹಿಡಿದು ಗೂಡಿನಿಂದ ಮೇಲೇಳುತ್ತಿತ್ತು. ಒಂದೊಂದು ಗರಿಯೂ ಸ್ಪಷ್ಟವಾಗಿತ್ತು. ಪದ್ಮರಾಜ ಹಲ್ಲು ಕಚ್ಚಿಕೊಂಡೇ ಅವಳ ಕೈ ಕುಲುಕಿದ.

"ದಟ್ಟ ಎಲೆಗಳೊಳಗಿನ ಗೂಡು ನಿಮಗೆ ಇಷ್ಟು ನಿಚ್ಚಳವಾಗಿ ಹೇಗೆ ಸಿಕ್ತು, ಮೇಡಂ?"

"ಅದರಲ್ಲಿ ನನ್ನದೇನೂ ಇಲ್ಲ ಸರ್," ಎಂದಳು ಲವೀನಾ ಸಂಕೋಚದಿಂದ. "ಕೆರೆ ಹಿಂದೆ ಒಂದು ನೇರಳೆ ಮರ ಇದೆಯಲ್ಲ, ಅಲ್ಲಿ ಯಾರೋ ಪುಣ್ಯಾತ್ಮರು ಅಡ್ಡ ಇದ್ದ ಎರಡು ಕೊಂಬೆ ಕತ್ತರಿಸಿಟ್ಟಿದ್ರು. ನನಗೂ ಗೂಡು ಕಾಣಿಸ್ತು, ಗಿಡುಗಕ್ಕೂ ಕಾಣಿಸ್ತು."